ಬುತ್ತಿ ಬಿಚ್ಚುವಾಗ ಇಳಿಸಿದ ಮಾಸ್ಕ್

ಹುಮನಾಬಾದಿನ ದಾಲ್ ಮಿಲ್ಲಿನಲ್ಲಿ ತೊಗರಿ ಹಸನು ಮಾಡುತ್ತಿದ್ದ ಕೊಹಿನೂರು ಹಳ್ಳಿಯ ಸುಮನಬಾಯಿಗೆ ಮೂಗು ಮುಚ್ಚಿಕೊಳ್ಳುವುದನ್ನು ಕೊರೊನಾ ಬಂದು ಕಲಿಸಬೇಕಿರಲಿಲ್ಲ. ತೊಗರಿಯ ಧೂಳು ಎಂದೋ ಕಲಿಸಿತ್ತು. ಆದರೆ ಆ ವರ್ಷ ಆಕೆ ಮಾಸ್ಕ್ ಹಾಕಿದ್ದು ಗಂಡನಿಗಾಗಿ. ಕಲ್ಲು ಒಡೆಯುವ ಕ್ರಷರಿನಲ್ಲಿ ದುಡಿದು ದುಡಿದು ನರಸಿಂಗನ ಎದೆ ಜರಡಿಯಾಗಿತ್ತು. ಈ ರೋಗ ಮನೆ ಹೊಕ್ಕರೆ ಆತ ಉಳಿಯುವುದು ಕಷ್ಟ ಎಂದು ಡಾಕ್ಟರು ಖಡಕ್ಕಾಗಿ ಹೇಳಿದ್ದರು. ಮಾತಾಡಿದರೂ ಕೆಮ್ಮಿದರೂ ಬಾಯಿಂದ ಹನಿ ಹಾರುತ್ತದೆ, ಬಟ್ಟೆ ಅದನ್ನು ತಡೆಯುತ್ತದೆ, ಎದುರಿನವರೂ ಹಾಕಿದರೆ ಇನ್ನೂ ಒಳ್ಳೆಯದು ಎಂದಿದ್ದರು. ಸುಮನಬಾಯಿ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಟೆಂಪೋದಲ್ಲಿ, ಮಿಲ್ಲಿನಲ್ಲಿ, ಕಡೆಗೆ ಗಂಡನಿಗೆ ರೊಟ್ಟಿ ಬಡಿಸುವಾಗಲೂ ಮಾಸ್ಕ್ ಇಳಿಸಲಿಲ್ಲ. ಜನ ನಕ್ಕರು. ನಗಲಿ, ನಕ್ಕವರ ಹಲ್ಲು ಕಾಣುತ್ತದೆ, ಅಷ್ಟೆ.

ಮಿಲ್ಲಿನಲ್ಲಿ ಜೊತೆಗೇ ದುಡಿಯುವ ಗೆಳತಿ ಕಾಂತಾಬಾಯಿ ಮಾತ್ರ ನಗಲಿಲ್ಲ, ಮುನಿಸಿಕೊಂಡಳು. ಇಬ್ಬರೂ ಒಂದೇ ಓಣಿಯಲ್ಲಿ ಬೆಳೆದವರು, ದಿನಾ ಒಂದೇ ಬುತ್ತಿ ಬಿಚ್ಚಿ ಉಂಡವರು. ಒಂದು ದಿನ ಊಟದ ಹೊತ್ತಿಗೆ ಸುಮನಬಾಯಿ ದೂರ ಹೋಗಿ ಕೂತದ್ದೇ ತಡ, ಕಾಂತಾಬಾಯಿಯ ಕಣ್ಣು ತುಂಬಿತು.

“ಊರಾಗಿನವರು ನಮ್ಮನ್ನ ದೂರ ಕುಂದ್ರಿಸಿದ್ದು ಸಾಕಾಗಿಲ್ಲೇನ? ಈಗ ನೀನೂ ಹಂಗ ಮಾಡಾಕತ್ತಿ.”

ಹೋಟೆಲಿನಲ್ಲಿ ಬೇರೆ ಲೋಟದ ಚಹಾ ಕುಡಿದು ಬೆಳೆದ ಓಣಿ ಅದು. ಇಂಥ ಮಾತು ಕರುಳಿಗೆ ಚುಚ್ಚದೆ ಇರುತ್ತದೆಯೇ? ಸುಮನಬಾಯಿ ಮಾಸ್ಕನ್ನು ಗದ್ದಕ್ಕೆ ಇಳಿಸಿ, ಗೆಳತಿಯ ಮಗ್ಗುಲಲ್ಲಿ ಕೂತು ಪುಂಡಿಪಲ್ಯೆ ಹಂಚಿಕೊಂಡು ಉಂಡಳು. ಕಾಂತಾಬಾಯಿ ನಡುನಡುವೆ ಕೆಮ್ಮಿದಳು. ಧೂಳಿನ ಕೆಮ್ಮು ಎಂದಳು. ಸುಮನಬಾಯಿ ನಂಬಿದಳು.

ವಾರದೊಳಗೆ ಸುಮನಬಾಯಿಗೆ ಜ್ವರ, ಬೆನ್ನಿಗೇ ನರಸಿಂಗನಿಗೆ. ಆಕೆ ಎದ್ದಳು. ಆತ ಬಸವಕಲ್ಯಾಣದ ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ. ಮಿಲ್ಲಿನಲ್ಲಿ ಗೆಳತಿಯರಿಬ್ಬರ ಜೊತೆಯಲ್ಲೇ ಹಸನು ಮಾಡುತ್ತಿದ್ದ ಮಹಜಬೀನ್ ಯಾರ ಹತ್ತಿರವೂ ಮಾಸ್ಕ್ ಇಳಿಸಿರಲಿಲ್ಲ, ಅವಳಿಗೆ ಒಂದು ಸೀನೂ ಬರಲಿಲ್ಲ.

ಆಶಾ ಕಾರ್ಯಕರ್ತೆ ಓಣಿಗೆ ಬಂದಾಗ ಸಂಗತಿ ಹೊರಬಿತ್ತು. ಬುತ್ತಿ ಹಂಚಿಕೊಂಡ ಹಿಂದಿನ ದಿನವೇ ಕಾಂತಾಬಾಯಿಗೆ ರೋಗ ಇರುವುದು ಖಾತ್ರಿಯಾಗಿತ್ತಂತೆ. ಜ್ವರದ ಗುಳಿಗೆ ನುಂಗಿ, ತುಟಿಪಿಟಕ್ಕೆನ್ನದೆ ಕೆಲಸಕ್ಕೆ ಬಂದಿದ್ದಳಂತೆ. ಅಯ್ಯೋ, ಹಗೆಯವರು ಮಾಡಿದ್ದರೆ ತಡೆದುಕೊಳ್ಳಬಹುದಿತ್ತು. ಒಡಹುಟ್ಟಿದವಳಂಥವಳು ನಂಬಿಸಿ ಕುತ್ತಿಗೆ ಕೊಯ್ದಳಲ್ಲ ಎಂದು ಸುಮನಬಾಯಿ ಗಂಡನ ಸಾವಿಗಿಂತ ಹೆಚ್ಚು ಅದಕ್ಕೇ ಅತ್ತಳು.

ಕಡೆಗೊಂದು ದಿನ ಕಾಂತಾಬಾಯಿ ಮಾತಾಡಿಸಿ ಹೋಗಲು ಬಂದಳು. ಹೊಸ್ತಿಲ ಹೊರಗೇ ನಿಂತಳು. ಮುಖದ ಮೇಲೆ ಹೊಸ ಮಾಸ್ಕ್ ಇತ್ತು. ಅದನ್ನೇ ದಿಟ್ಟಿಸುತ್ತ ಸುಮನಬಾಯಿ ಬಾಗಿಲಿಗೆ ಬಂದಳು. ಅವತ್ತು ಯಾಕೆ ಹೇಳಲಿಲ್ಲ ಎಂದು ಕೇಳಿದಳು.

“ಹೇಳಿದ್ರ ನೀ ನನ್ನ ಕೂಡ ಉಣ್ಣತಿದ್ದಿಲ್ಲ, ಅಕ್ಕಾ.”

“ಇನ್ನ ಮ್ಯಾಲ ಉಣ್ತೀನೇನ?” ಎಂದಳು ಸುಮನಬಾಯಿ, ಬಾಗಿಲು ಹಾಕಿಕೊಂಡಳು.