ಅತ್ತಿತು ಎಂದ ಮಾತು

ಹೊಳೆಬಾಗಿಲಿನಿಂದ ಸಾಗರಕ್ಕೆ ಬರುವ ದಾರಿಯ ಒಂದು ಸಣ್ಣ ಆರೋಗ್ಯ ಕೇಂದ್ರಕ್ಕೆ ಹೆರಿಗೆ ನರ್ಸ್ ಆಗಿ ಹೋದಾಗ ನನಗೆ ಇಪ್ಪತ್ನಾಲ್ಕು ವರ್ಷ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಹಿನ್ನೀರಿನ ಆಚೆಯ ಹೆಂಗಸರು ನೋವು ಶುರುವಾದ ಮೇಲೆ ಲಾಂಚಿಗೆ ಕಾದು, ದಾಟಿ, ಸಿಕ್ಕ ಗಾಡಿ ಹತ್ತಿ ನಮ್ಮಲ್ಲಿಗೆ ತಲುಪುವಷ್ಟರಲ್ಲಿ ಎಷ್ಟೋ ಸಲ ಹೊತ್ತು ಮೀರಿರುತ್ತಿತ್ತು.

ಹೊಳೆಯಾಚೆ ತುಮರಿ ಕಡೆಯ ಆ ಹುಡುಗಿ ಬಂದದ್ದು ಒಂದು ಮಧ್ಯಾಹ್ನ. ಚೊಚ್ಚಲು. ಗಂಡ ಘಟ್ಟದ ಕೆಳಗೆ ಕೆಲಸಕ್ಕೆ ಹೋಗಿದ್ದನಂತೆ. ಜೊತೆಗಿದ್ದವಳು ಅತ್ತೆ ಒಬ್ಬಳೇ. ನಮ್ಮ ಡಾಕ್ಟರು ಆ ದಿನ ಲಸಿಕೆ ಕ್ಯಾಂಪಿನಲ್ಲಿದ್ದರು. ಹೊಟ್ಟೆಯ ಮೇಲೆ ಕೊಳವೆ ಇಟ್ಟು ಕಿವಿಗೊಟ್ಟೆ. ಮಗುವಿನ ಎದೆಬಡಿತ ಸಿಗಲಿಲ್ಲ. ಜಾಗ ಬದಲಿಸಿ ಮತ್ತೆ ಕೇಳಿದೆ. ತಲೆ ಎತ್ತಿದಾಗ ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ನಾನು ಏನೂ ಹೇಳಬೇಕಾಗಲಿಲ್ಲ.

ಒಂದು ಗಂಟೆಯೊಳಗೆ ಹೆರಿಗೆಯಾಯಿತು. ಗಂಡು ಮಗು. ಉಸಿರು ಬರಿಸಲು ನನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದೆ, ಬರಲಿಲ್ಲ. ಅಷ್ಟರಲ್ಲಿ ತಾಯಿಗೆ ರಕ್ತ ಹೋಗತೊಡಗಿತು. ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಇಂಜೆಕ್ಷನ್ ಚುಚ್ಚಿ, ಎರಡೂ ಕೈಯಿಂದ ಅವಳ ಕಿಬ್ಬೊಟ್ಟೆಯನ್ನು ಒತ್ತಿ ತಿಕ್ಕುತ್ತ ನಿಂತೆ. ಅವಳ ತುಟಿ ಬಿಳಿಚಿಕೊಂಡಿತ್ತು.

"ಕೂಸು ಅತ್ತಿತಾ, ನರ್ಸಮ್ಮ?" ಅಂದಳು.

ನಿಜ ಹೇಳಿದರೆ ಇವಳೂ ಕೈಬಿಟ್ಟು ಹೋಗುತ್ತಾಳೆ ಅನ್ನಿಸಿತು.

"ಹೂಂ, ಅತ್ತಿತು. ನೀನು ಕಣ್ಣು ಮುಚ್ಚಬೇಡ."

ಅವಳು ಬದುಕಿದಳು. ಅತ್ತೆ ಮಗುವನ್ನು ತನ್ನ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಅಂದಿನ ಕೊನೆಯ ಲಾಂಚಿಗೆ ಹೋಗಿ ಮಣ್ಣು ಮಾಡಿಸಿ ಬಂದಳು. ಮೂರನೆಯ ದಿನ ಎದ್ದು ಕುಳಿತ ಸೊಸೆ ನನ್ನನ್ನು ಕೇಳಿದಳು: "ಅತ್ತ ಕೂಸು ಹೆಂಗೆ ಸತ್ತೋಯ್ತು?" ಸ್ವಲ್ಪ ಹೊತ್ತು ಜೀವ ಇತ್ತು, ಆಮೇಲೆ ಹೋಯಿತು ಅಂದೆ. ಅಷ್ಟು ಹೊತ್ತು ಅದು ಯಾರ ಕೈಲಿತ್ತು ಎಂದಳು. ನಿನ್ನ ಅತ್ತೆಯ ಕೈಲಿತ್ತು ಎಂದೆ. ಅದೊಂದು ಮಾತ್ರ ಸುಳ್ಳಾಗಿರಲಿಲ್ಲ.

ತಿಂಗಳಾದ ಮೇಲೆ ಅವಳ ಗಂಡ ಬಂದ.

"ಜೀವ ಇದ್ದ ಕೂಸನ್ನ ಅವ್ವ ತಗಂಡೋಗಿ ಮಣ್ಣು ಮಾಡಿದ್ಲು ಅಂತಾಳೆ ನನ್ನ ಹೆಂಡ್ತಿ. ಅವ್ವ ಮಾಡಿದ ಅನ್ನ ಮುಟ್ಟಲ್ಲ. ಅವ್ವ ನೋಡಿದ್ರೆ, ಹುಟ್ಟುವಾಗ್ಲೇ ಜೀವ ಇರ್ಲಿಲ್ಲ ಅಂತಾಳೆ. ನೀವೇ ಹೇಳಿ, ಯಾರ ಮಾತು ನಿಜ?"

ನಾನೇ ಬಂದು ಹೇಳುತ್ತೇನೆ ಎಂದು ಅವನನ್ನು ಕಳಿಸಿ, ಮುಂದಿನ ಭಾನುವಾರ ಲಾಂಚು ಹತ್ತಿ ಅವರ ಮನೆಗೆ ಹೋದೆ. ಅತ್ತೆ ಸೊಸೆ ಇಬ್ಬರನ್ನೂ ಜಗಲಿಯಲ್ಲಿ ಕೂರಿಸಿ ಎಲ್ಲವನ್ನೂ ಹೇಳಿದೆ. ಸೊಸೆ ಕೊನೆಯವರೆಗೂ ಕೇಳಿದಳು.

"ನೀವು ಹೇಳಿದ್ರಿ ಅಂತ ನಂಬಿದ್ದಲ್ಲ ನರ್ಸಮ್ಮ. ನಾನೇ ಕೇಳಿದ್ದೆ. ಅದು ಅತ್ತಿತ್ತು."

"ನಿನಗೆ ಆಗ ಎಚ್ಚರ ತಪ್ಪುತ್ತಿತ್ತು."

"ಕಿವಿ ಕೇಳ್ತಿತ್ತು," ಎಂದು ಎದ್ದು ಒಳಗೆ ಹೋದಳು.

ಲಾಂಚಿನ ತನಕ ಅತ್ತೆ ನನ್ನ ಜೊತೆ ಬಂದಳು. ಬೈಯುತ್ತಾಳೆ ಅಂದುಕೊಂಡಿದ್ದೆ. "ನೀವು ಹಂಗೆ ಹೇಳ್ದಿದ್ರೆ ಅವಳು ಉಳೀತಿರ್ಲಿಲ್ವೇನೊ," ಅಂದಳು. "ಉಳಿದ್ಲಲ್ಲ. ಸಾಕು." ಬೈದಿದ್ದರೆ ಚೆನ್ನಾಗಿತ್ತು.

ಅದೇ ವರ್ಷ ಅತ್ತೆ ಆ ಮನೆ ಬಿಟ್ಟು ರಿಪ್ಪನ್‌ಪೇಟೆ ಹತ್ತಿರದ ಮಗಳ ಮನೆ ಸೇರಿದಳು. ಎಂಬತ್ತರ ನಂತರ ನನಗೂ ಆ ಕಡೆಗೇ ವರ್ಗವಾಯಿತು. ಹಳ್ಳಿ ಸುತ್ತುವಾಗ ಸಿಗುತ್ತಿದ್ದಳು. "ಹೊಳೆ ಆಚೆ ಸುದ್ದಿ ಎಂತಾದ್ರೂ ಗೊತ್ತಾ?" ಎಂದು ಕೇಳುತ್ತಿದ್ದಳು. ಸೊಸೆಗೆ ಮತ್ತೆ ಇಬ್ಬರು ಮಕ್ಕಳಾದರು ಎಂದು ಕೇಳಿ ತಿಳಿದು ಹೇಳಿದವಳೂ ನಾನೇ. ಆ ಮೊಮ್ಮಕ್ಕಳ ಮುಖ ನೋಡದೆಯೇ ಅವಳು ಆ ಮಗಳ ಮನೆಯಲ್ಲಿ ತೀರಿಕೊಂಡಳು.

ಹುಟ್ಟುವಾಗಲೇ ಜೀವವಿರಲಿಲ್ಲ ಎಂದು ರಿಜಿಸ್ಟರಿನಲ್ಲಿ ಬರೆದದ್ದು ನನ್ನದೇ ಕೈ. ಎದೆಬಡಿತ ಸಿಗದಿದ್ದದ್ದು ನೆನಪಿದೆ, ತಣ್ಣಗಿದ್ದ ಪಾದಗಳು ನೆನಪಿವೆ. ಆದರೂ ಈಗೀಗ, ನಿವೃತ್ತಳಾಗಿ ತೀರ್ಥಹಳ್ಳಿಯ ಮನೆಯಲ್ಲಿ ಕುಳಿತು ಆ ಮಧ್ಯಾಹ್ನವನ್ನು ಮೊದಲಿನಿಂದ ನೆನೆಸಿಕೊಂಡರೆ, ನಾನು ತಾಯಿಯ ಕಡೆ ತಿರುಗಿದ ಆ ಹೊತ್ತಿನಲ್ಲಿ ಬೆನ್ನ ಹಿಂದೆ ತೀರ ಸಣ್ಣದಾಗಿ ಏನೋ ಕೇಳಿಸುತ್ತದೆ. ಅಂದು ಅದು ಕೇಳಿಸಿರಲಿಲ್ಲ. ಕೇಳಿಸಿರಲಿಲ್ಲ ಎಂದೇ ನಾನು ನಂಬಿದ್ದೇನೆ.