ಶಿವಾನಂದನ ಹೊಲಿಗೆ

ಕೋವಿಡ್ ಇಳಿದ ಮರುವರ್ಷ ನಾನು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಹೃದಯ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥನಾಗಿದ್ದೆ. ನನ್ನ ಕೈಕೆಳಗಿದ್ದ ಶಿವಾನಂದ ಧಾರವಾಡದ ಕಡೆಯವನು, ನನಗಿಂತ ಕಿರಿಯ. ನಾನಾದರೋ ಶ್ರೀರಂಗಪಟ್ಟಣದಲ್ಲೇ ಹುಟ್ಟಿ ಬೆಳೆದವನು. ಆದರೂ ಪಾಂಡವಪುರ, ನಾಗಮಂಗಲದಿಂದ ಬರುವ ನಮ್ಮ ಸೀಮೆಯ ರೋಗಿಗಳು ಕೇಳುತ್ತಿದ್ದುದು ಅವನನ್ನೇ. ಕುರ್ಚಿ ನನ್ನದು, ಹೆಸರು ಅವನದು. ಹೊಟ್ಟೆಯೊಳಗೆ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಕೆ.ಆರ್. ಪೇಟೆ ಕಡೆಯಿಂದ ನಿಂಗಮ್ಮ ಬಂದರು. ಹಸು ಸಾಕಿ ಡೇರಿಗೆ ಹಾಲು ಹಾಕುವ ಹೆಂಗಸು. ಕೋವಿಡ್‌ಗೆ ಮುಂಚೆ ಅವರ ಹೃದಯದ ಕವಾಟವನ್ನು ಶಿವಾನಂದನೇ ಬದಲಿಸಿದ್ದ. ಈಗ ಎದೆನೋವು. ಸ್ಕ್ಯಾನ್ ಮಾಡಿಸಿದೆ. ಹಳೆಯ ಆಪರೇಷನ್ನಿನ ಜಾಗದಲ್ಲಿ ಮಹಾಧಮನಿಯ ಗೋಡೆ ಬಿರಿದು, ಸೋರಿದ ರಕ್ತ ಎದೆಮೂಳೆಯ ಹಿಂದೆ ಚೀಲ ಕಟ್ಟಿಕೊಂಡಿತ್ತು. ಇದನ್ನು ಫಾಲ್ಸ್ ಅನ್ಯೂರಿಸಂ ಎನ್ನುತ್ತೇವೆ. ಆ ಚೀಲಕ್ಕೆ ಗಟ್ಟಿ ಗೋಡೆಯಿಲ್ಲ; ಮೂಳೆ ಕೊಯ್ಯುವಾಗಲೇ ಒಡೆದರೂ ಒಡೆದೀತು.

ಸ್ಕ್ಯಾನ್ ನೋಡುತ್ತ ನನಗೆ ಮೊದಲು ಹೊಳೆದದ್ದು, ಕೊನೆಗೂ ಅವನ ಹೊಲಿಗೆ ಬಿಟ್ಟಿತು ಎಂದು.

ಮತ್ತೆ ಆಪರೇಷನ್ ಆಗಬೇಕು, ನಾನೇ ಮಾಡುತ್ತೇನೆ ಎಂದೆ. ನಿಂಗಮ್ಮ ಮುಖ ಕಿವುಚಿದರು.

"ಶಿವಾನಂದ ಡಾಕ್ಟ್ರು ಎಲ್ಲವ್ರೆ ಸಾಮಿ? ಮೊಮ್ಮಗಂಗೂ ಅವ್ರ ಹೆಸ್ರೇ ಇಟ್ಟಿವ್ನಿ. ಅವ್ರು ಪಕ್ದಲ್ಲಿದ್ರೆ ಕುಯ್ರಿ, ಇಲ್ದಿದ್ರೆ ಊರಿಗೋಯ್ತೀನಿ."

ಬೇರೆ ದಾರಿಯಿರಲಿಲ್ಲ. ನಾನು ಆಪರೇಷನ್ ಮಾಡುವುದು, ಅವನು ಎದುರು ನಿಂತು ಸಹಾಯ ಮಾಡುವುದು ಎಂದಾಯಿತು.

ಎದೆ ಮುಟ್ಟುವ ಮೊದಲೇ ತೊಡೆಸಂದಿಯ ರಕ್ತನಾಳಗಳಿಗೆ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಹಾರ್ಟ್-ಲಂಗ್ ಯಂತ್ರ ಜೋಡಿಸಿ ಮೈ ತಣ್ಣಗೆ ಮಾಡತೊಡಗಿದೆವು; ತಣ್ಣಗಾದ ಮೈ ರಕ್ತ ಹರಿಯದಿದ್ದರೂ ಕೆಲವು ನಿಮಿಷ ತಾಳುತ್ತದೆ. ಆದರೂ ಮೂಳೆ ಬಿಡಿಸಿದ ಕೂಡಲೇ ಚೀಲ ಹರಿದು ರಕ್ತ ಚಿಮ್ಮಿತು. ಏನೂ ಕಾಣಿಸಲಿಲ್ಲ. ನಾನು ರಕ್ತ ಹೀರುವ ಸಕ್ಷನ್‌ಗೆ ಕೈಚಾಚುವಷ್ಟರಲ್ಲಿ ಶಿವಾನಂದನ ಬೆರಳು ರಕ್ತದೊಳಗೆ ಇಳಿದು ತೂತನ್ನು ಒತ್ತಿ ಹಿಡಿದಿತ್ತು.

"ಸರ್, ನಾ ಹಿಡದೀನಿ. ನೀವು ಹೊಲೀರಿ."

ಮೈ ಸಾಕಷ್ಟು ತಣ್ಣಗಾಗುವವರೆಗೂ ಆ ಬೆರಳು ಕದಲಲಿಲ್ಲ. ಆಮೇಲೆ ಯಂತ್ರ ನಿಲ್ಲಿಸಿ, ರಕ್ತ ಹರಿಯದ ಆ ಕೆಲವು ನಿಮಿಷಗಳಲ್ಲಿ ನಾನು ತೂತಿಗೆ ತೇಪೆ ಹಾಕಿದೆ. ಹಾಕುವಾಗ ಅವನ ಹಳೆಯ ಹೊಲಿಗೆ ಕಂಡಿತು. ಒಂದು ಎಳೆಯೂ ಬಿಟ್ಟಿರಲಿಲ್ಲ. ಸೋಂಕಿನಿಂದ ಮೆತ್ತಗಾದ ಗೋಡೆ ಪಕ್ಕದಲ್ಲಿ ಬಿರಿದಿತ್ತು. ಅಷ್ಟು ಸಮವಾದ ಹೊಲಿಗೆ ನನ್ನ ಕೈಯಿಂದ ಎಂದೂ ಬಂದದ್ದಿಲ್ಲ.

ಹೊರಗೆ ಬಂದಾಗ ನಿಂಗಮ್ಮನ ಗಂಡ ಶಿವಾನಂದನ ಕಾಲಿಗೆ ಬಿದ್ದರು. ಅವನು ಹಿಂದೆ ಸರಿದು ನನ್ನನ್ನು ತೋರಿಸಿದ. "ಮಾಡಿದವ್ರು ಇವ್ರು, ಯಜಮಾನ್ರ."

"ಇವ್ರೂ ಒಳ್ಳೇವ್ರೇ ಬುಡಿ. ಆದ್ರೂ ನಿಮ್ಮ ಕೈ ಇತ್ತಲ್ಲ ಬುದ್ದೀ!"

ಅವನು ಬಿಟ್ಟುಕೊಟ್ಟ ಆ ಹೊಗಳಿಕೆ ಇನ್ನಷ್ಟು ಸುಟ್ಟಿತು. ನಿಂಗಮ್ಮ ಗುಣವಾಗಿ ಊರಿಗೆ ಹೋದರು. ನನ್ನ ಹೊಟ್ಟೆಕಿಚ್ಚು ಇವತ್ತಿಗೂ ಗುಣವಾಗಿಲ್ಲ. ವೃತ್ತಿ ನನಗೆ ಕಲಿಸಿದ್ದು ಇಷ್ಟೇ: ಯಾರನ್ನು ಕಂಡರೆ ನಮಗೆ ಉರಿಯುತ್ತದೋ, ಅವನು ನಮಗಿಂತ ಚೆನ್ನಾಗಿ ಕೆಲಸ ಬಲ್ಲವನು. ಆಮೇಲೆ ನಿವೃತ್ತನಾಗುವವರೆಗೂ, ಕಷ್ಟದ ಕೇಸು ಬಂದಾಗಲೆಲ್ಲ ನಾನು ಮೊದಲು ಫೋನ್ ಮಾಡುತ್ತಿದ್ದುದು ಶಿವಾನಂದನಿಗೆ.