ಜಿಂಕೆ ಬೇಟೆಗೆ ಗೈಡನ್ನು ಕರೆದವರು ಯಾರು?

ದೇವರನ್ನು ನಾನು ಚಿಕ್ಕಂದಿನಿಂದ ನಂಬಿದವಳು. ಆದರೆ ದೇವರು ತಮ್ಮ ಮಾತಿಗೆ ಹೀಗೆ ಉತ್ತರ ಕೊಟ್ಟ, ಹಾಗೆ ಕೊಟ್ಟ ಎಂದು ಯಾರಾದರೂ ಹೇಳಿದರೆ ಮನಸ್ಸಿನಲ್ಲೇ ನಕ್ಕು, ಕಾಫಿ ಕೊಟ್ಟು ಕಳಿಸುತ್ತಿದ್ದೆ. ತೊಂಬತ್ತರ ದಶಕದ ಕೊನೆಯಲ್ಲಿ ನಡೆದ ಒಂದು ಸಂಗತಿಯಿಂದ ಆ ಬುದ್ಧಿ ಹೋಯಿತು.

ನಾವು ಕೊಡಗಿನವರು. ಯಜಮಾನರು ಲಂಡನ್ನಿನಲ್ಲಿ ಡಾಕ್ಟರು, ಮನೆ ಕ್ವೀನ್ಸ್‌ಬರಿಯಲ್ಲಿ. ಆ ವರ್ಷ ಅವರು ಗೆಳೆಯ ಬೋಪಣ್ಣನವರ ಜೊತೆ ಸ್ಕಾಟ್ಲೆಂಡಿನ ಬೆಟ್ಟಕ್ಕೆ ಜಿಂಕೆ ಬೇಟೆಗೆ ಹೊರಟರು. ಲೈಸೆನ್ಸು, ಜಾಗದವರ ಅನುಮತಿ ಪತ್ರ ಎಲ್ಲ ಇತ್ತು. ಬೆಟ್ಟ ಗೊತ್ತಿಲ್ಲದವರು ಗೈಡನ್ನು ಕರೆದುಕೊಳ್ಳುವುದು ಒಳ್ಳೆಯದೆಂದು ಆ ಪತ್ರದಲ್ಲೇ ಬರೆದು, ಒಂದು ಫೋನ್ ನಂಬರನ್ನೂ ಕೊಟ್ಟಿದ್ದರು.

"ಕರ್ಕೊಳ್ಳಿ. ನಿಮ್ಮ ಎಡ ಮಂಡಿ ಬೇರೆ ಸರಿಯಿಲ್ಲ" ಎಂದೆ.

"ಹತ್ತನೇ ವಯಸ್ಸಲ್ಲೇ ಕೋವಿ ಹಿಡಿದವನು ನಾನು. ನನಗೆ ಗೈಡಾ? ಊರಲ್ಲಿ ಗೊತ್ತಾದ್ರೆ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋಕೂ ನನ್ನ ಕರೆಯಲ್ಲ!"

ಬೇಟೆಗೆ ಮುಂಚೆ ಕೋವಿಯನ್ನು ದೀಪದ ಮುಂದಿಟ್ಟು ಗುರುಕಾರಣರನ್ನು, ಅಂದರೆ ತೀರಿಹೋದ ಕುಲದ ಹಿರಿಯರನ್ನು, ಬೇಡಿಕೊಳ್ಳುವುದು ನಮ್ಮ ಮನೆಯ ಪದ್ಧತಿ. "ಕೋವಿ ಹೊರಗೆ ತೆಗೆದ್ರೆ ಪಕ್ಕದ ಮನೆ ಅಜ್ಜಿ ಪೊಲೀಸರನ್ನ ಕರೀತಾಳೆ ಮಾರಾಯ್ತಿ" ಎಂದು ಇವರು ಬೀರುವಿನ ಬೀಗವನ್ನೇ ತೆಗೆಯಲಿಲ್ಲ. ಹಾಗಾಗಿ ಭಾನುವಾರ ಸಂಜೆ ಆ ಪತ್ರವನ್ನೇ ದೀಪದ ಮುಂದಿಟ್ಟು, "ಇವರ ಮುಂದೆ ನಡೆಯೋಕೆ ಬೆಟ್ಟ ಬಲ್ಲವರೊಬ್ಬರನ್ನು ನೀವೇ ಕಳಿಸಿ" ಎಂದು ಕೈಮುಗಿದೆ. ಅಷ್ಟೇ. ಫೋನ್ ಮುಟ್ಟಲಿಲ್ಲ. ಆಗ ನನ್ನ ಇಂಗ್ಲಿಷ್ ಅಂಗಡಿಯಲ್ಲಿ ಹಾಲು, ಬ್ರೆಡ್ಡು ಕೇಳುವಷ್ಟು ಮಾತ್ರ.

ಗುರುವಾರ ಇವರು ಬೆಟ್ಟದ ಬುಡ ತಲುಪಿದಾಗ ಗೈಡ್ ಕಾಯುತ್ತ ನಿಂತಿದ್ದನಂತೆ. "ಭಾನುವಾರ ಸಂಜೆ ನಿಮ್ಮ ಮನೆಯಿಂದ ಒಬ್ಬ ಹೆಂಗಸು ಫೋನ್ ಮಾಡಿದ್ದರು. ನಿಮ್ಮ ಎಡ ಮಂಡಿ ಸರಿಯಿಲ್ಲ, ಇಳಿಜಾರಿನಲ್ಲಿ ಜೋಪಾನ ಎಂದರು" ಎಂದನಂತೆ. ಇವರಿಗೆ ನನ್ನ ಮೇಲೆ ಸಿಟ್ಟು ಬಂದರೂ ಬೋಪಣ್ಣನವರ ಎದುರು ನುಂಗಿಕೊಂಡರು. ಮಧ್ಯಾಹ್ನ ಮಂಜು ಇಳಿಯಿತು. ಚಾಚಿದ ಕೈಯೇ ಕಾಣದಂಥ ಮಂಜು. ದಾರಿಯೆಂದುಕೊಂಡು ಇವರು ಕಾಲಿಡಹೋದಾಗ ಗೈಡ್ ಕೋಟು ಹಿಡಿದು ಹಿಂದಕ್ಕೆ ಎಳೆದ. ಮುಂದೆ ನೆಲವೇ ಇರಲಿಲ್ಲ. ಜಿಂಕೆ ಸಿಗಲಿಲ್ಲ, ಇಬ್ಬರೂ ಕೈಕಾಲು ನೆಟ್ಟಗೆ ಮನೆಗೆ ಬಂದರು.

"ನಿನಗೆ ಅಷ್ಟು ಇಂಗ್ಲಿಷ್ ಯಾವಾಗ ಬಂತು?" ಎಂದು ಬಾಗಿಲಲ್ಲೇ ಕೇಳಿದರು. ನಾನು ಫೋನ್ ಮಾಡಿಲ್ಲ ಎಂದರೆ ನಂಬಲಿಲ್ಲ. ಮಗಳಿಗೆ ಆಗ ಮೂರು ವರ್ಷ. ಮನೆಯಲ್ಲಿ ಬೇರೆ ಹೆಂಗಸರಿಲ್ಲ. ಬೋಪಣ್ಣನವರ ಹೆಂಡತಿಗೆ ಆ ನಂಬರೇ ಗೊತ್ತಿರಲಿಲ್ಲ.

ಮರುದಿನ ಗೈಡಿಗೆ ನಾನೇ ಫೋನ್ ಮಾಡಿ, ಬಂದಷ್ಟು ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಹೇಳಿದೆ. ಇವರು ರಿಸೀವರಿಗೆ ಕಿವಿ ತಾಗಿಸಿ ನಿಂತಿದ್ದರು. ಆತ, "ಅವತ್ತು ಮಾತಾಡಿದವರು ನೀವಲ್ಲ. ಅವರಿಗೆ ತುಂಬ ವಯಸ್ಸಾಗಿತ್ತು" ಎಂದ. ಇವರು ಮೆಲ್ಲಗೆ ಹೋಗಿ ಕುರ್ಚಿಯಲ್ಲಿ ಕೂತರು.

ಆಕೆ ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಗಂಡನನ್ನು ಮನೆಗೆ ತಲುಪಿಸಿದವರಿಗೆ ಒಂದು ಮಾತು ಹೇಳೋಣವೆಂದರೆ ಹೆಸರಿಲ್ಲ, ವಿಳಾಸವಿಲ್ಲ. ಅದಕ್ಕೇ ಬಸ್ಸಿನಲ್ಲಿ ವಯಸ್ಸಾದ ಹೆಂಗಸು ಯಾರೇ ಹತ್ತಲಿ, ಎದ್ದು ಜಾಗ ಕೊಡುತ್ತೇನೆ.